ಕಂದಕದಾಚೆಯ ಕೆಂಡ

“ನಿನ್ನ ಕೈಗೆ ಹಾವು ಕಡೀಲಿ. ನನ್ನ ಹಿತ್ತಲಾಗ ಪರದೇಶ ತಂದು ಇಟ್ಟೀಯಲ್ಲ, ಇನ್ನ ನಾ ಬೂದಿ ಎಲ್ಲಿ ಚೆಲ್ಲಲಿ?”

“ನೀ ಕೆಂಡ ಕೊಟ್ಟಿದ್ರ ನಾ ಯಾಕ ಆಚೆ ಹೋಗತಿದ್ನಿ?”

“ನೀ ನನ್ನ ಜರಡಿ ಕೊಟ್ಟಿದ್ರ ನಾ ಯಾಕ ಇಲ್ಲ ಅಂತಿದ್ನಿ?”

“ಜರಡಿ, ಜರಡಿ. ನೀ ಸತ್ತ ಮ್ಯಾಲ ನಿನ್ನ ಬೂದಿ ಅದರಾಗ ಹಾಕಿ ಸೋಸತೀನಿ ತಡಿ.”

“ಬಾಯಿ ಮಾಡಬ್ಯಾಡ. ಮಾತಾಡೂದಿದ್ರ ನಿನ್ನ ದೇಶದಾಗ ನಿಂತು ಮಾತಾಡು.”

“ಅಲ್ಲೇ ನಿಂತೀನಲ್ಲ,” ಅಂದಳು ಸಾತವ್ವ.

ಅದು ನಿಜವೇ ಆಗಿತ್ತು. ನಾವು ಹೀಗೆ ಬೈದಾಡಿದ್ದು ಬೆಳಗಿನ ಹೊತ್ತು, ನಡುವೆ ಕಂದಕ ಇಟ್ಟುಕೊಂಡು. ಹಿಂದಿನ ಸಂಜೆಯವರೆಗೂ ಆ ಕಂದಕ ಸಾತವ್ವನ ಮನೆಯ ಆಚೆ, ಜಾಲಿ ಗಿಡಗಳ ಸಾಲಿನಲ್ಲಿತ್ತು. ಬೆಳಗಾಗುವಷ್ಟರಲ್ಲಿ ಅವಳ ಮನೆಯನ್ನು ಬಳಸಿಕೊಂಡು ಈಚೆಗೆ ಬಂದು, ಅವಳ ಗೋಡೆಗೂ ನನ್ನ ಗೋಡೆಗೂ ನಡುವಿನ ಸಂದಿಯಲ್ಲಿ ಮಲಗಿತ್ತು. ಒಂದಾಳು ಆಳ, ಒಣ ತಳ. ಅಂಚಿನಲ್ಲಿ ಹುಲ್ಲು ಕೂಡ ಬೆಳೆದಿತ್ತು, ತಲೆಮಾರುಗಳಿಂದ ಅಲ್ಲೇ ಇದ್ದ ಹಾಗೆ.

ಕಂದಕದ ಈಚೆಗೆ ನಮ್ಮ ರಾಜ್ಯ, ಆಚೆಗೆ ಅವರ ರಾಜ್ಯ. ಒಲೆಯಲ್ಲಿ ಯಾರ ಬೆಂಕಿಯೋ ನೆಲ ಅವರದು. ನಮ್ಮ ಕಡೆ ಬೆಂಕಿಕಡ್ಡಿ ಕೊರೆದರೆ ವಾಸನೆ ಬರುತ್ತದೆ, ಬೆಂಕಿ ಬರುವುದಿಲ್ಲ. ಬೆಂಕಿ ಬೇಕಾದರೆ ಇನ್ನೊಂದು ಬೆಂಕಿಯಿಂದಲೇ ತರಬೇಕು. ನಮ್ಮೂರಿನ ಒಲೆಗಳೆಲ್ಲ ಕಚೇರಿಯ ಒಲೆಯ ಮಕ್ಕಳು, ಮೊಮ್ಮಕ್ಕಳು. ಅವರ ಕಡೆಯೂ ಹಾಗೇ ಒಂದು ಕಚೇರಿ, ಒಂದು ಒಲೆ. ಈಚೆಯ ಮನೆಯ ಒಲೆ ಆರಿದಾಗ ಆಚೆಯ ಕೆಂಡ ತಂದು ಹೊತ್ತಿಸಿದರೆ, ಮರುದಿನ ಬೆಳಿಗ್ಗೆ ಕಂದಕ ಸರಿದಿರುತ್ತದೆ. ಮನೆಯ ನಡುವೆ ಹಾಯುವುದಿಲ್ಲ, ಬಳಸಿಕೊಂಡೇ ಹೋಗುತ್ತದೆ. ಅಷ್ಟು ಮರ್ಯಾದೆ ಅದಕ್ಕಿದೆ.

ಹಾಗಾಗಿ ನಮ್ಮಲ್ಲಿ ಕೋಳಿ ಕದ್ದವನಿಗೆ ಬೈಗುಳ, ತಲೆ ಒಡೆದವನಿಗೆ ದಂಡ, ಆಚೆಯ ಕೆಂಡ ತಂದವರಿಗೆ ಮಾತ್ರ ಕೋರ್ಟು. ನಾನು ನಾಲ್ಕನೇ ಇಯತ್ತೆಯವರೆಗೆ ಓದಿದವಳು. ಮಗ್ಗಿ ಮರೆತಿದ್ದೇನೆ, ಕಾಯಿದೆಯ ಆ ಕಲಮು ಮರೆತಿಲ್ಲ. ಪರಕೀಯ ಅಗ್ನಿಯನ್ನು ತಂದವರು, ತರಿಸಿದವರು, ತರಲು ಎಡೆಮಾಡಿಕೊಟ್ಟವರು, ಮೂವರೂ ಸಮಾನ ದೋಷಿಗಳು. ಅವರ ಒಲೆಯನ್ನು ಆಜೀವ ಆರಿಸತಕ್ಕದ್ದು. ಮಾಸ್ತರರು ಕೋಲು ಹಿಡಿದು ಹೇಳಿಸುತ್ತಿದ್ದರು, ನಾವು ರಾಗವಾಗಿ ಹಾಡುತ್ತಿದ್ದೆವು. ಮೂರನೆಯವರು ಯಾರು ಅಂತ ನಾನು ಯೋಚಿಸಿರಲಿಲ್ಲ. ಶಾಲೆಯಲ್ಲಿ ಯಾರೂ ಯೋಚಿಸುವುದಿಲ್ಲ.

ಸಾತವ್ವ ನನ್ನ ನೆಗೆಣ್ಣಿ, ಮೈದುನನ ಹೆಂಡತಿ. ಅಣ್ಣತಮ್ಮಂದಿರನ್ನು ಮದುವೆಯಾಗಿ ಕಂದಕದ ಓಣಿಗೆ ಬಂದವರು ನಾವು. ಅಣ್ಣನೂ ಹೋದ, ತಮ್ಮನೂ ಹೋದ. ಉಳಿದದ್ದು ನಾವಿಬ್ಬರು, ಎರಡು ಮನೆ ಮತ್ತು ನನ್ನ ಅಂಗಳದ ಚುರುಮುರಿ ಭಟ್ಟಿ. ನಾನು ಬಾಣಲೆಯ ಕಾದ ಮರಳಿನಲ್ಲಿ ಅಕ್ಕಿ ಹಾಕಿ ಅರಳಿಸುತ್ತಿದ್ದೆ. ಅವಳು ಕೆಳಗೆ ಕೂತು ಭಟ್ಟಿಯ ಬಾಯಿಗೆ ಹೊಟ್ಟು ತೂರಿ ಉರಿ ಕಾಯುತ್ತಿದ್ದಳು. ಭಟ್ಟಿಯ ಮುಂದೆ ಕೂತವರಿಗೆ ಸಿಟ್ಟು ಬರುತ್ತದೆ. ನನಗೆ ಭಟ್ಟಿ ಇಲ್ಲದಿದ್ದರೂ ಬರುತ್ತದೆ ಅಂತ ಸಾತವ್ವ ಓಣಿಯಲ್ಲಿ ಹೇಳಿಕೊಂಡು ತಿರುಗುತ್ತಿದ್ದಳು. ಇರಬಹುದು.

ಆ ಜರಡಿ ಮರಳು ಸೋಸುವ ಜರಡಿ. ಅದಿಲ್ಲದೆ ಚುರುಮುರಿ ಹಲ್ಲಿಗೆ ಕರಕರ ಅನ್ನುತ್ತದೆ. ಅವಳು ಜೋಳ ಹಸನು ಮಾಡಲು ಒಯ್ದಳು, ತರಲಿಲ್ಲ. ಕೇಳಿದಾಗಲೆಲ್ಲ “ನಾಳಿ ಕೊಡ್ತೀನಕ್ಕ” ಅಂದಳು. ಕೆಲಸಕ್ಕೆ ಬರುವುದನ್ನೂ ಬಿಟ್ಟಳು. ಕೊನೆಗೆ ಒಂದು ಸಂಜೆ ಕೈಯಲ್ಲಿ ಬೋಕಿ ಹಿಡಿದು ಬಂದಳು. ಬೋಕಿ ಅಂದರೆ ಒಡೆದ ಮಡಕೆಯ ಚೂರು, ಕೆಂಡ ಒಯ್ಯುವುದಕ್ಕೆ.

“ಅಕ್ಕಾ, ಒಲಿ ಆರೇತಿ. ಎರಡು ಕೆಂಡ ಹಾಕು.”

“ಜರಡಿ ತಂದೀಯೇನು?”

“ನಾಳಿ ಕೊಡ್ತೀನಿ.”

“ಕೆಂಡನೂ ನಾಳಿ ಕೊಡ್ತೀನಿ, ನಡಿ.”

ಅವಳು ಬೋಕಿ ಚಾಚಿಕೊಂಡೇ ನಿಂತಿದ್ದಳು. ನಾನು ತಲೆ ಎತ್ತಲಿಲ್ಲ. ಬಾಣಲೆಯಲ್ಲಿ ಅಕ್ಕಿ ಅರಳುವಾಗ ತಲೆ ಎತ್ತಿದರೆ ಕರಕಾಗುತ್ತದೆ. ಅವಳು ಇನ್ನೊಂದು ಮನೆಗೆ ಹೋಗುತ್ತಾಳೆ ಅಂದುಕೊಂಡೆ. ಹೋದಳು. ಅವಳ ಮನೆಗೆ ಹತ್ತಿರವಿದ್ದ ಇನ್ನೊಂದು ಮನೆ ಕಂದಕದ ಆಚೆ ಇತ್ತು. ಅಲ್ಲಿಯ ಮುದುಕಿ ಜರಡಿಯ ಮಾತೆತ್ತದೆ ಬೋಕಿ ತುಂಬ ಕೊಟ್ಟಳಂತೆ.

ಮರುದಿನ ಬೆಳಿಗ್ಗೆ ನಮ್ಮ ಬೈಗುಳ ಕೇಳಿ ಓಣಿಯವರೆಲ್ಲ ಬಂದು ನಿಂತರು. ಫೌಜದಾರ ಮುದಕಪ್ಪನೂ ಬಂದ. ಕಂದಕದ ಅಂಚಿನಲ್ಲಿ ಬೂಟು ಜೋಡಿಸಿ ನಿಂತು, ಆಚೆಗೆ ನೋಡಿ ಕರೆದ.

“ಸಾತವ್ವ, ಈ ಕಡೆ ಬಾ.”

“ಯಾಕ್ರೀ?”

“ನಿನ್ನ ಕೈದು ಮಾಡಬೇಕಾಗೈತಿ.”

“ಇಲ್ಲೇ ಬಂದು ಮಾಡ್ರಿ.”

ಮುದಕಪ್ಪ ಹೋಗುವ ಹಾಗಿರಲಿಲ್ಲ. ಮನುಷ್ಯರು ಕಂದಕ ದಾಟಬಹುದು, ಮದುವೆಗೆ ಮುಂಜಿವೆಗೆ ದಾಟುತ್ತಾರೆ, ಬಾಯಲ್ಲಿನ ಬೀಡಿ ಆರಿಸಿ ದಾಟಬೇಕು ಅಷ್ಟೇ. ಆದರೆ ಫೌಜದಾರ ದಾಟಿದರೆ ಅದು ದಂಡೆತ್ತಿ ಹೋದ ಲೆಕ್ಕ. ನಮ್ಮ ಕಾಯಿದೆಯ ಹಣೆಬರಹ ಇದು. ಆಚೆಯ ಕೆಂಡ ತಂದು ಒಲೆ ಹೊತ್ತಿಸಿದವರು ಮರುದಿನ ಆಚೆಯವರಾಗಿಬಿಡುತ್ತಾರೆ, ಅವರನ್ನು ಮುಟ್ಟಲು ಬರುವುದಿಲ್ಲ. ಇಲ್ಲಿಯವರೆಗೆ ಶಿಕ್ಷೆಯಾದವರೆಲ್ಲ ಕೆಂಡ ತರುವಾಗ ಎಡವಿ ಬಿದ್ದವರು, ದಾರಿಯಲ್ಲಿ ಕೆಂಡ ಆರಿಸಿಕೊಂಡವರು. ಕೈಲಾಗದವರು ಅಂತ ಹೇಳಬಹುದು.

ಮುದಕಪ್ಪ ಮೀಸೆ ಒರೆಸಿಕೊಂಡ. ಆಮೇಲೆ ನನ್ನ ಕಡೆ ತಿರುಗಿದ.

“ದುಂಡವ್ವ, ಇಕಿ ನಿನ್ನ ಹತ್ರ ಕೆಂಡ ಕೇಳಿದ್ಲೇನು?”

“ಕೇಳಿದ್ಲು.”

“ಕೊಟ್ಟೇನು?”

“ಜರಡಿ ತಂದಿರಲಿಲ್ರೀ.”

“ಕೊಡಲಿಲ್ಲ,” ಅಂದ ಮುದಕಪ್ಪ, “ಎಡೆಮಾಡಿಕೊಟ್ಟಿ.”

ಆಚೆಯಿಂದ ಸಾತವ್ವ ನಕ್ಕಳು. ನನಗೆ ಕಾಲಲ್ಲಿನ ಚಪ್ಪಲಿ ತೆಗೆದು ಎಸೆಯಬೇಕು ಅನ್ನಿಸಿತು. ಎಸೆದೆ. ಅದು ಪರರಾಜ್ಯದಲ್ಲಿ ಬಿತ್ತು. ಮುದಕಪ್ಪ ಅದನ್ನೂ ಬರೆದುಕೊಂಡ.

ಕೋರ್ಟಿನಲ್ಲಿ ಜಡ್ಜ್ ಸಾಹೇಬರು ಸಣ್ಣ ದನಿಯ ಮನುಷ್ಯ. ನನ್ನ ಮೇಲೆ ಅವರಿಗೆ ಸಿಟ್ಟಿರಲಿಲ್ಲ. “ಶತ್ರು ಕಂದಕ ಹಾರಿ ಬರುವುದಿಲ್ಲ. ನಮ್ಮ ಮನೆಯ ಆರಿದ ಒಲೆಯಿಂದ ಬರುತ್ತಾನೆ. ಆರಿದ ಒಲೆಗೆ ಕೆಂಡ ನಿರಾಕರಿಸಿದವರು ಅವನಿಗೆ ಬಾಗಿಲು ತೆರೆದವರು,” ಎಂದರು. ನಾನು ಜರಡಿಯ ವಿಷಯ ಎತ್ತಿದೆ. ರಾಜ್ಯದ ಸಾರ್ವಭೌಮತ್ವದ ಮುಂದೆ ಜರಡಿ ದೊಡ್ಡದಲ್ಲ ಎಂದರು. ಅವರು ಒಮ್ಮೆಯಾದರೂ ಮರಳು ಸೋಸಿದ್ದರೆ ಹಾಗೆ ಅನ್ನುತ್ತಿರಲಿಲ್ಲ. ಅದನ್ನು ಹೇಳಿದೆ. ವಕೀಲರು ನನ್ನ ಸೆರಗು ಜಗ್ಗಿದರು.

ಶಿಕ್ಷೆ ಏನು ಅನ್ನುವುದು ಎಲ್ಲರಿಗೂ ಗೊತ್ತಿತ್ತು. ನನ್ನ ಒಲೆ ಆರಿಸಬೇಕು. ನನ್ನ ಒಲೆ ಅಂದರೆ ಭಟ್ಟಿ. ನನ್ನ ಗಂಡ ಸತ್ತ ದಿನವೂ ಅದು ಆರಿರಲಿಲ್ಲ. ಸಾತವ್ವ ಒಂದು ಕಡೆ ಅಳುತ್ತ ಇನ್ನೊಂದು ಕಡೆ ಹೊಟ್ಟು ತೂರುತ್ತಿದ್ದಳು. ನನಗೆ ಬೇರೆ ಕೆಲಸ ಬರುವುದಿಲ್ಲ. ಬೇರೆಯವರ ಮನೆಯಲ್ಲಿ ತಟ್ಟೆ ಹಿಡಿದು ಕೂಡುವುದಂತೂ ಬರುವುದೇ ಇಲ್ಲ.

ಜಡ್ಜ್ ಸಾಹೇಬರು ಕನ್ನಡಕ ತೆಗೆದರು. “ಆದರೆ, ಮುಂದಿನ ಸಂತೆಯೊಳಗೆ ಕಂದಕ ಮೊದಲಿನ ಜಾಗದಲ್ಲಿದ್ದರೆ, ಎಡೆ ಮಾಡಿಕೊಟ್ಟ ಆರೋಪ ತಾನಾಗಿ ಬಿದ್ದುಹೋಗುತ್ತದೆ. ಹೇಗೆ ಎಂಬುದನ್ನು ನ್ಯಾಯಾಲಯ ಸೂಚಿಸುವುದಿಲ್ಲ,” ಎಂದರು. ಸೂಚಿಸುವ ಅಗತ್ಯವೂ ಇರಲಿಲ್ಲ. ಸಾತವ್ವನ ಒಲೆಯಲ್ಲಿ ಮತ್ತೆ ನಮ್ಮ ಕೆಂಡ ಬೀಳಬೇಕು, ಅಷ್ಟೇ. ಅದು ಆಚೆಯವರ ಕಾಯಿದೆಯಲ್ಲಿ ಇದೇ ಅಪರಾಧ, ಇದೇ ಶಿಕ್ಷೆ. ಅವರ ಮಕ್ಕಳೂ ಶಾಲೆಯಲ್ಲಿ ಇದೇ ಕಲಮನ್ನು ಹಾಡುತ್ತಾರೆ ಅಂತ ಕೇಳಿದ್ದೇನೆ, ರಾಗ ಮಾತ್ರ ಬೇರೆ.

ಹೊರಗೆ ಮುದಕಪ್ಪನನ್ನು ತಡೆದು ಕೇಳಿದೆ. “ಕಂದಕ ಹಿಂದ ಹೋದ್ರ ಕೇಸು ಮುಗೀತೈತಿ ಹೌದಲ್ರೀ?”

“ಮುಗೀತೈತಿ.”

“ಖರೆ?”

“ಜಡ್ಜ್ ಸಾಹೇಬ್ರು ಹೇಳಿಲ್ಲೇನು, ದುಂಡವ್ವ? ಮತ್ತ ನನ್ನ ಯಾಕ ಕೇಳ್ತಿ?”

ನಾನು ಅಷ್ಟೇ ಕೇಳಿದೆ. ಅವನು ಅಷ್ಟಕ್ಕೇ ಉತ್ತರ ಕೊಟ್ಟ. ಅವನನ್ನು ಸುಳ್ಳ ಅನ್ನಲು ಬರುವುದಿಲ್ಲ.

ಸಂತೆಯ ಹಿಂದಿನ ದಿನ ಒಂದು ಬುಟ್ಟಿ ಚುರುಮುರಿ ಹುರಿದೆ. ಬುಟ್ಟಿಯ ತಳದಲ್ಲಿ ಬೋಕಿ, ಬೋಕಿಯಲ್ಲಿ ಕೆಂಡ, ಕೆಂಡದ ಮೇಲೆ ಬೂದಿ, ಬೂದಿಯ ಮೇಲೆ ಇನ್ನೊಂದು ಬೋಕಿ ಕವುಚಿ, ಮೇಲೆ ಬಿಸಿ ಚುರುಮುರಿ ಸುರಿದೆ. ತಲೆಯ ಮೇಲೆ ಇಟ್ಟುಕೊಂಡು ಕಂದಕಕ್ಕೆ ಇಳಿದು ಹತ್ತಿದೆ. ಆಚೆಯ ದಂಡೆಯಲ್ಲಿ ಅವರ ಕಾವಲಿನವನು ಸ್ಟೂಲಿನ ಮೇಲೆ ಕೂತಿದ್ದ. ಬುಟ್ಟಿಗೆ ಕೈ ಹಾಕಿದ.

“ಬಿಸಿ ಐತಲ್ಲವ್ವ.”

“ಈಗ ಹುರಿದದ್ದಪ್ಪ. ತಣ್ಣಗಿರ್ತೈತೇನು?”

ಅವನು ಒಂದು ಹಿಡಿ ತೆಗೆದುಕೊಂಡು ಬಾಯಿಗೆ ಹಾಕಿದ. “ಮರಳು ಐತಿ,” ಅಂದ.

“ಜರಡಿ ನಿಮ್ಮ ರಾಜ್ಯದಾಗ ಸಿಕ್ಕೊಂಡೈತಿ,” ಅಂದೆ. ಅವನಿಗೆ ತಿಳಿಯಲಿಲ್ಲ. ಬಿಟ್ಟ.

ಸಾತವ್ವನ ಮನೆ ಹಾಗೇ ಇತ್ತು. ಪರದೇಶ ಅಂತ ಅನ್ನಿಸುವಂಥದ್ದು ಒಂದೇ, ಗೂಟಕ್ಕೆ ಚೆಂಡು ಹೂವಿನ ಹಾರ ಜೋತಾಡುತ್ತಿತ್ತು, ಬಾಡಿತ್ತು. ಅವರ ಕಚೇರಿಯವರು ಬಂದು ಹಾಕಿ, ಕೈ ಮುಗಿದು, ಚಹಾ ಕುಡಿದು ಹೋಗಿದ್ದರಂತೆ. ಹೊಸ ನೆಲ ತಂದುಕೊಟ್ಟ ತಾಯಿ ಅಂದರಂತೆ. ಪಕ್ಕದ ಗೂಟಕ್ಕೆ ನನ್ನ ಜರಡಿ ಇತ್ತು. ಬಾಗಿಲ ಬಳಿ ನನ್ನ ಚಪ್ಪಲಿ ಇತ್ತು, ಒಂದೇ, ಒರೆಸಿ ಇಟ್ಟಿದ್ದಳು.

“ಕೂಡಕ್ಕ,” ಅಂದಳು. ಒಲೆಯ ಮೇಲೆ ಚಹಾ ಇಟ್ಟಳು.

ನಾನು ಒಲೆ ನೋಡುತ್ತ ಕೂತೆ. “ಉರಿ ಚಲೋ ಐತಿ.”

“ಬೆಂಕಿ ಬೆಂಕಿನ. ಅವರದು ಅಂತ ಏನೂ ಹಸರ ಉರಿಯಂಗಿಲ್ಲ.”

“ಆ ಮುದುಕಿ ಬರ್ತಾಳೇನು?”

“ಬರ್ತಾಳ. ಕಿವಿ ಕೇಳಂಗಿಲ್ಲ ಅಕಿಗೆ. ನಾ ಒದರಿ ಒದರಿ ಮಾತಾಡ್ತೀನಿ. ನಿನ್ನ ಜೋಡಿ ಮಾತಾಡಿದಂಗ ಆಗ್ತೈತಿ.”

ಚಹಾ ಕುದಿಯಿತು. ಬುಟ್ಟಿಯನ್ನು ನಾನು ತೊಡೆಯ ಪಕ್ಕದಿಂದ ದೂರ ಇಡಲಿಲ್ಲ. ಅವಳು ಬುಟ್ಟಿಯನ್ನು ನೋಡಿದಳು, ನನ್ನನ್ನು ನೋಡಿದಳು. ಇಷ್ಟು ವರ್ಷ ಉರಿ ಕಾಯ್ದವಳಿಗೆ ಕೆಂಡದ ವಾಸನೆ ಗೊತ್ತಾಗದೆ ಇರುತ್ತದೆಯೇ.

“ಎಷ್ಟೊತ್ತು ತಡೀತೈತಿ ಅದು?” ಅಂದಳು.

“ಚಹಾ ಕುಡಿಯುಮಟ ತಡೀತೈತಿ.”

“ಏನಂದ್ರು ಕೋರ್ಟಿನಾಗ?”

“ಭಟ್ಟಿ ಆರಸ್ತಾರಂತ. ನಾಳೆ ಸಂತಿ. ಅಷ್ಟರಾಗ ಕಂದಕ ಹಿಂದ ಹೋಗಬೇಕಂತ.”

ಅವಳು ಎರಡು ಲೋಟಕ್ಕೆ ಚಹಾ ಸೋಸಿದಳು. ಒಂದನ್ನು ನನ್ನ ಮುಂದೆ ಇಟ್ಟಳು. ತಾನು ಕುಡಿಯದೆ ಕೂತಳು.

“ನನಗೇನು ಮಾಡ್ತಾರಕ್ಕ?”

“ಕೇಸು ಮುಗೀತೈತಿ ಅಂದಾನ ಫೌಜದಾರ.”

“ಯಾರ ಕೇಸು?”

“ಕೇಸು ಅಂದ್ರ ಕೇಸು. ಎಷ್ಟು ಕೇಸು ಇರ್ತಾವ?”

ಆಚೆಯ ಕಾವಲಿನವನು ಹೊರಗೆ ಕೆಮ್ಮಿದ. ಸಾತವ್ವ ಎದ್ದಳು. ನನಗೆ ಅವಳು ಕೂಗುತ್ತಾಳೆ ಅನ್ನಿಸಿತು. ಕೂಗಿದ್ದರೆ ನನ್ನನ್ನು ಅಲ್ಲೇ ಹಿಡಿಯುತ್ತಿದ್ದರು, ಅವಳ ಕೊರಳಿಗೆ ಇನ್ನೊಂದು ಹಾರ ಬೀಳುತ್ತಿತ್ತು. ಅವಳು ಕೊಡದಿಂದ ಒಂದು ತಂಬಿಗೆ ನೀರು ತೆಗೆದು ಒಲೆಗೆ ಸುರಿದಳು. ಹೊಗೆ ಎದ್ದಿತು. ಬೂದಿಯನ್ನು ಕೈಯಿಂದ ಬಾಚಿ ಬದಿಗೆ ಸರಿಸಿ, ಸೆಗಣಿಯ ಒಣ ಕುಳ್ಳು ಮುರಿದು ಜೋಡಿಸಿದಳು. ಭಟ್ಟಿಗೆ ಜೋಡಿಸುವ ಹಾಗೇ, ನಡುವೆ ಗಾಳಿಗೆ ಸಂದು ಬಿಟ್ಟು.

“ಹಾಕು,” ಅಂದಳು. “ನಿನ್ನ ಭಟ್ಟಿ ಆರಿದ್ರ ನೀ ಊರ ಮಂದೀನೆಲ್ಲ ಬೈಕೋಂತ ಸಾಯ್ತಿ.”

ಹಾಕಿದೆ. ಅವಳು ಊದಿದಳು. ಹತ್ತಿತು. ಗೂಟದ ಜರಡಿಗೆ ನಾನು ಕೈ ಹಾಕಿದಾಗ, “ಈಗ ಬ್ಯಾಡ,” ಅಂದಳು. “ಇಲ್ಲಿ ಸಾಮಾನು ಒಯ್ಯಾಕ ಚೀಟಿ ಬೇಕು. ಸುಮ್ಮನ ಹೋಗು.”

ಮರುದಿನ ಬೆಳಿಗ್ಗೆ ಕಂದಕ ಜಾಲಿ ಗಿಡಗಳ ಸಾಲಿನಲ್ಲಿತ್ತು. ಅಂಚಿನ ಹುಲ್ಲೂ ಅಲ್ಲಿಗೆ ಹೋಗಿತ್ತು. ಹಿತ್ತಲಲ್ಲಿ ನಾನು ಮೊದಲಿನಂತೆ ಬೂದಿ ಚೆಲ್ಲಿದೆ. ಆಚೆಯ ಕಾವಲಿನವನು ದೂರದಲ್ಲಿ ಸ್ಟೂಲು ಹೊತ್ತುಕೊಂಡು ನಿಂತಿದ್ದ, ಎಲ್ಲಿ ಇಡಬೇಕೆಂದು ತಿಳಿಯದೆ. ಓಣಿಯವರು ನನ್ನನ್ನು ನೋಡಿ ತಲೆದೂಗಿದರು. ಹೊತ್ತೇರಿದಾಗ ಮುದಕಪ್ಪ ಬಂದ. ನನ್ನ ಬಾಗಿಲು ದಾಟಿ ಹೋದ. ಸಾತವ್ವನ ಬಾಗಿಲು ತಟ್ಟಿದ.

ಅವಳು ಈಗ ಈಚೆಯವಳಾಗಿದ್ದಳು. ಈಚೆಯ ಕಾಯಿದೆ ಅವಳನ್ನು ಮುಟ್ಟಬಹುದಾಗಿತ್ತು.

ನಾನು ಓಡಿಹೋಗಿ ಅವನ ಅಂಗಿಯ ಕೊರಳು ಹಿಡಿದೆ. “ಕೇಸು ಮುಗೀತು ಅಂದಿದ್ಯಲ್ಲೋ ಭಾಡ್ಯಾ.”

“ನಿಂದು ಮುಗೀತು, ದುಂಡವ್ವ. ಕೈ ತಗಿ. ಇಕಿದು ಈಗ ಸುರು ಆತು.”

ಸಾತವ್ವ ಸೆರಗು ಸರಿಮಾಡಿಕೊಂಡು ಹೊರಗೆ ಬಂದಳು. ನನ್ನನ್ನು ನೋಡಿ, “ಎಷ್ಟು ಕೇಸು ಇರ್ತಾವಂತ ಕೇಳಿದ್ಯಲ್ಲಕ್ಕ,” ಅಂದಳು. “ಎರಡು.”

ಕೋರ್ಟಿನಲ್ಲಿ ನಾನು ನಿಂತು ಹೇಳಿದೆ, ಒಲೆಗೆ ನೀರು ಸುರಿದವಳು ಅವಳೇ, ರಾಜ್ಯದ ನೆಲ ಹಿಂದಕ್ಕೆ ಬಂದದ್ದು ಅವಳಿಂದಲೇ ಅಂತ. ಜಡ್ಜ್ ಸಾಹೇಬರು ಕೇಳಿಕೊಂಡರು. ಹಿಂತಿರುಗಿಸಿದ ಮಾತ್ರಕ್ಕೆ ಕಳ್ಳತನ ಕಳ್ಳತನವಲ್ಲದೆ ಹೋಗುವುದಿಲ್ಲ ಎಂದರು. ಸಾತವ್ವನ ಒಲೆಯನ್ನು ಆಜೀವ ಆರಿಸತಕ್ಕದ್ದು. ಆದರೆ ಗಡಿಮನೆಯಲ್ಲಿ ಒಲೆ ಆರಿದರೆ ರಾಜ್ಯಕ್ಕೆ ಅಪಾಯ. ಆದ್ದರಿಂದ ಆ ಮನೆಯಲ್ಲಿ ಸರ್ಕಾರಿ ಒಲೆ ಇರತಕ್ಕದ್ದು, ಅದನ್ನು ಪೇದೆಯೊಬ್ಬ ಕಾಯತಕ್ಕದ್ದು, ಅಪರಾಧಿ ಅದನ್ನು ಮುಟ್ಟಕೂಡದು, ಪಕ್ಕದ ಮನೆಯವರು ಅವಳಿಗೆ ಅನ್ನ ಹಾಕತಕ್ಕದ್ದು. ಪಕ್ಕದ ಮನೆ ನನ್ನದು.

ಹೀಗೆ ಸಾತವ್ವನ ಒಲೆಯ ಮುಂದೆ ಒಬ್ಬ ಪೇದೆ ಕಾಲು ಚಾಚಿ ಕೂತ. ಅವನಿಗೆ ಅನ್ನ ಬಿಟ್ಟು ಬೇರೆ ಮಾಡಲು ಬರುತ್ತಿರಲಿಲ್ಲ, ಅದೂ ತಳ ಹಿಡಿಯುತ್ತಿತ್ತು. ಸಾತವ್ವ ಅದೇ ಮನೆಯ ಮೂಲೆಯಲ್ಲಿ ಕೂತು ನೋಡುತ್ತಿದ್ದಳು. “ಉರಿ ಕಡಿಮಿ ಮಾಡೋ ತಮ್ಮಾ” ಅಂದರೆ ಅವನು, “ಒಲಿ ವಿಷಯ ನೀವು ಮಾತಾಡಬಾರದ್ರಿ” ಅನ್ನುತ್ತಿದ್ದ. ಸಾರಿಗೆ ಅವನೂ ನನ್ನ ಮನೆಗೇ ಬರುತ್ತಿದ್ದ.

ಮೊದಲ ದಿನ ಊಟಕ್ಕೆ ಬಂದಾಗ ಸಾತವ್ವ ಜರಡಿ ತಂದಳು. ಭಟ್ಟಿಯ ಕಟ್ಟೆಯ ಮೇಲೆ ಇಟ್ಟಳು. ನಡುವೆ ಒಂದು ಕಡೆ ತಂತಿಯಿಂದ ಹೊಲಿದಿತ್ತು.

“ಅವತ್ತ ಯಾಕ ಕೊಡಲಿಲ್ಲ ಇದನ್ನ?”

“ತೂತು ಬಿದ್ದಿತ್ತು. ರಿಪೇರಿ ಆಗಿರಲಿಲ್ಲ. ನೀ ಬೈತಿದ್ದಿ.”

ಬೈಯುತ್ತಿದ್ದೆ. ಅದರಲ್ಲಿ ಅನುಮಾನವಿಲ್ಲ. ಈಗ ಬೈಯಲಿಲ್ಲ. ಹೊಲಿಗೆ ಚೆನ್ನಾಗಿತ್ತು.

ಅವಳು ದಿನಾ ಎರಡು ಹೊತ್ತು ಬಂದಳು. ಭಟ್ಟಿಯ ಹತ್ತಿರ ಅವಳನ್ನು ಬಿಡುವಂತಿರಲಿಲ್ಲ, ಅದೂ ಒಲೆಯೇ. ಹೊಟ್ಟು ನಾನೇ ತೂರಿ, ಅಕ್ಕಿ ನಾನೇ ಹುರಿದು, ರೊಟ್ಟಿ ನಾನೇ ಬಡಿದು ಬಡಿಸುತ್ತಿದ್ದೆ. ಅವಳು ತಲೆ ತಗ್ಗಿಸಿ ಉಂಡು, ತಟ್ಟೆ ತೊಳೆದಿಟ್ಟು ಹೋಗುತ್ತಿದ್ದಳು. ಮೊದಲಿನ ಹಾಗೆ ಎದುರು ಮಾತಾಡಿದ್ದರೆ ನನಗೂ ಸರಿಹೋಗುತ್ತಿತ್ತು. ಆಡಲಿಲ್ಲ. ಸುಮ್ಮನೆ ಉಣ್ಣುವವರಿಗೆ ಬಡಿಸುವುದು ಬಹಳ ಕಷ್ಟ.

ಒಂದು ಮಧ್ಯಾಹ್ನ, ಭಟ್ಟಿಯ ಮುಂದೆ ಬೆಂದು ಎದ್ದು ಬಂದು ಪಲ್ಯ ಬಡಿಸಿದೆ. ಅವಳು ಒಂದು ತುತ್ತು ತಿಂದು, “ಉಪ್ಪಿಲ್ಲ,” ಅಂದಳು. ಎಷ್ಟೋ ದಿನದ ಮೇಲೆ ಆಡಿದ ಮಾತು ಅದು. ಈಗ ಯೋಚಿಸಿದರೆ ಜಗಳಕ್ಕೆ ಕರೆದಳೇನೋ ಅನ್ನಿಸುತ್ತದೆ, ಮೊದಲಿನಂತೆ. ನಾನೂ ಮೊದಲಿನಂತೆಯೇ ಬಾಯಿ ಬಿಟ್ಟೆ.

“ಬೇಕಾದ್ರ ತಿನ್ನು. ಇಲ್ಲಾಂದ್ರ ನಿನ್ನ ಒಲಿ ಮ್ಯಾಲ ನೀನ ಮಾಡ್ಕೊಂಡು ತಿನ್ನು.”

ಸಾರಿಗೆ ಬಂದಿದ್ದ ಪೇದೆ ಪಾತ್ರೆ ಹಿಡಿದು ಬಾಗಿಲಲ್ಲೇ ನಿಂತ.

ಸಾತವ್ವ ಕೈಯಲ್ಲಿದ್ದ ರೊಟ್ಟಿ ಪೂರ್ತಿ ತಿಂದಳು. ಪಲ್ಯವನ್ನೂ ಬಿಡಲಿಲ್ಲ. ತಟ್ಟೆ ತೊಳೆದು ಬೋರಲು ಹಾಕಿದಳು. ಸೆರಗಿಗೆ ಕೈ ಒರೆಸಿಕೊಂಡು, “ಹೋಗ್ತೀನಕ್ಕ,” ಅಂದಳು. ನಮ್ಮಲ್ಲಿ ಯಾರೂ ಹಾಗೆ ಹೇಳುವುದಿಲ್ಲ. ಬರುತ್ತೇನೆ ಅನ್ನುತ್ತಾರೆ. ನಾನು ಸಿಟ್ಟಿನಲ್ಲಿದ್ದೆ, ಆಗ ಅದು ಕಿವಿಗೆ ಬೀಳಲಿಲ್ಲ.

ಹಿತ್ತಲಿನಿಂದ ಇಳಿದು, ತನ್ನ ಮನೆಯ ಮುಂದೆ ಹಾದು, ಒಳಗೆ ಹೋಗದೆ, ಜಾಲಿ ಸಾಲಿನ ಕಡೆ ನಡೆದಳು. ನಾನು ಬಾಗಿಲಲ್ಲಿ ನಿಂತು ನೋಡಿದೆ. ಆಚೆಯ ದಂಡೆಯಲ್ಲಿ ಕಾವಲಿನವನು ಸ್ಟೂಲಿನಿಂದ ಎದ್ದು ಹಗ್ಗ ಕೈಗೆ ತೆಗೆದುಕೊಂಡ. ಅವರ ನೆಲ ಕಳೆದವಳು ಅವಳೇ ಅಲ್ಲವೇ, ಅವರ ಕಾಯಿದೆಯಲ್ಲೂ ಅವಳಿಗೊಂದು ಕೇಸು ಕಾದಿತ್ತು. ಪೇದೆ ಈಚೆಯಿಂದ “ಏ ಸಾತವ್ವ, ನಿಲ್ರಿ” ಅಂತ ಓಡಿದ. ಅವಳು ಇಬ್ಬರ ಕಡೆಯೂ ನೋಡದೆ ಕಂದಕಕ್ಕೆ ಇಳಿದಳು. ಆಚೆಯ ದಂಡೆ ಹತ್ತಲಿಲ್ಲ. ತಳದಲ್ಲೇ, ಕಂದಕ ಹೋದ ಕಡೆಗೆ ನಡೆದಳು. ಒಂದಾಳು ಆಳ ಇದ್ದುದರಿಂದ ತಲೆ ಕೂಡ ಕಾಣಲಿಲ್ಲ. ಈಚೆಯ ದಂಡೆಯ ಮೇಲೆ ಪೇದೆ, ಆಚೆಯ ದಂಡೆಯ ಮೇಲೆ ಕಾವಲಿನವನು, ಇಬ್ಬರೂ ಕೆಳಗೆ ನೋಡುತ್ತ ಅವಳ ಜೊತೆಗೇ ಸ್ವಲ್ಪ ದೂರ ಹೋದರು. ತಳ ಯಾರಿಗೂ ಸೇರಿದ್ದಲ್ಲ. ಅಲ್ಲಿ ಹಿಡಿಯುವ ಅಧಿಕಾರ ಇಬ್ಬರಿಗೂ ಇರಲಿಲ್ಲ. ಆಮೇಲೆ ಇಬ್ಬರೂ ತಿರುಗಿ ಬಂದರು. ಪೇದೆ ಸಾರು ಹಾಕಿಸಿಕೊಂಡು ಹೋದ.

ರಾತ್ರಿ ಊಟಕ್ಕೆ ಅವಳ ತಟ್ಟೆ ಇಟ್ಟೆ. ಅವಳು ಬರಲಿಲ್ಲ. ಮರುದಿನವೂ ಬರಲಿಲ್ಲ, ಆಮೇಲೆಯೂ ಬರಲಿಲ್ಲ.

ಈಗ ಸಂಜೆ ಭಟ್ಟಿಯ ಕೆಲಸ ಮುಗಿದ ಮೇಲೆ ನಾನು ಬೋಕಿಯಲ್ಲಿ ಎರಡು ಕೆಂಡ ಹಾಕಿ, ಬೂದಿ ಮುಚ್ಚಿ, ಕಂದಕದ ತಳದಲ್ಲಿ ಇಟ್ಟು ಬರುತ್ತೇನೆ. ಮುದಕಪ್ಪ ಬಂದು ನೋಡಿದ. ಕೆಂಡ ಆಚೆಯಿಂದ ತರುವುದು ಅಪರಾಧ, ಈಚೆಗೆ ಕೊಡದಿರುವುದು ಅಪರಾಧ. ಕಂದಕದ ತಳಕ್ಕೆ ಕಲಮು ಇಲ್ಲ. ತಲೆ ಕೆರೆದುಕೊಂಡು ಹೋದ. ಬೆಳಿಗ್ಗೆ ಇಳಿದು ನೋಡುತ್ತೇನೆ. ಬೋಕಿಯಲ್ಲಿ ಬೂದಿ ಇರುತ್ತದೆ. ಕೆಂಡವನ್ನು ಯಾರಾದರೂ ಒಯ್ದಿದ್ದರೂ ಬೂದಿಯೇ ಇರುತ್ತದೆ, ಒಯ್ಯದಿದ್ದರೂ ಬೂದಿಯೇ ಇರುತ್ತದೆ.